ರವದಿಯ ಮಾಸ್ತರರು

ನನ್ನ ಮೊಮ್ಮಗಳು ಶ್ರಾವಣಿ ಹೊರಗೆ ಕಟ್ಟೆಯ ಮೇಲೆ ನಾಯಿಯ ಹೊಟ್ಟೆಗೆ ತಲೆ ಕೊಟ್ಟು ಮಲಗಿ ನಾಲ್ಕನೆಯ ಇಯತ್ತೆಯ ಪುಸ್ತಕ ಓದುತ್ತಿದ್ದಾಳೆ. ಓದುತ್ತಿದ್ದಾಳೆ ಅನ್ನುವುದಕ್ಕಿಂತ ನಾಯಿಗೆ ಪಾಠ ಹೇಳುತ್ತಿದ್ದಾಳೆ. ಪಕ್ಕದ ಹಲ್ಲು ಒಂದು ಬಿದ್ದಿದೆ, ಆ ಸಂದಿಯಿಂದ ಗಾಳಿ ಹೊರಟು ಪಾಠವೆಲ್ಲ ಸೀಟಿ ಹೊಡೆದಂತೆ ಕೇಳುತ್ತದೆ. ನಾಯಿ ನಡುನಡುವೆ ಬಾಲ ಬಡಿದು ಹೂಂ ಅನ್ನುತ್ತದೆ. ದಿನಕ್ಕೆ ಹತ್ತು ಸಲ ನಾನು ಕೆಲಸವಿಲ್ಲದೆಯೂ ಹೊರಗೆ ಬಂದು ಇವರಿಬ್ಬರನ್ನು ನೋಡಿ ಒಳಗೆ ಹೋಗುತ್ತೇನೆ.

"ಅತ್ತೀ, ಎಷ್ಟ ಸಲ ನೋಡ್ತೀರಿ? ಎಲ್ಲೂ ಓಡಿ ಹೋಗಂಗಿಲ್ಲ ಬಿಡ್ರಿ" ಎಂದು ಸೊಸೆ ನಗುತ್ತಾಳೆ. ಹೋದ ವಾರ ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ಈಗ ನಗುತ್ತಾಳೆ. ಯಾಕೆ ಬಿಟ್ಟಿದ್ದಳು ಅನ್ನುವುದನ್ನೂ ಮುಚ್ಚಿಡದೆ ಬರೆಯುತ್ತೇನೆ.

ನನಗೆ ಈ ಸುಖ ಕೊಟ್ಟವರು ಎಂಟು ದಿನದ ಹಿಂದೆ ಊರು ಬಿಟ್ಟು ಹೋದರು. ಅವರ ಹೆಸರು ಬರೆಯುವುದಿಲ್ಲ, ಬರೆದರೆ ಅವರಿಗೆ ಸೇರುವುದಿಲ್ಲ. ಊರೆಲ್ಲ ನಾಯಿ ಮಾಸ್ತರ ಅನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತೇನೆ.

ಅವರದು ಅಥಣಿ ಕಡೆಯ ಐಗಳಿ. ಬಹಳ ವರ್ಷ ಮಿಲಿಟರಿಯಲ್ಲಿ ನಾಯಿಗಳಿಗೆ ಕಲಿಸುವ ಕೆಲಸ ಮಾಡಿ ಬಂದವರು. ಹೆಂಡತಿಯ ತವರು ನಮ್ಮೂರು, ಬೇಡಕಿಹಾಳದ ಈಚೆಗೆ, ಹೊಳೆಯ ದಂಡೆಗೆ. ಹೆಂಡತಿಯ ಪಾಲಿಗೆ ಬಂದ ತುಂಡು ಹೊಲ ಇತ್ತು, ಅದರಲ್ಲಿ ಬಿದ್ದುಹೋದ ಹಳೆಯ ತಂಬಾಕಿನ ಗೋದಾಮು ಇತ್ತು. ಪಿಂಚಣಿಯಾದ ಮೇಲೆ ಇಲ್ಲಿಗೇ ಬಂದು ನಿಂತರು. ಹೆಂಡತಿಯ ಊರಿಗೆ ಬಂದು ಇರುವ ಗಂಡಸನ್ನು ನಮ್ಮ ಮಂದಿ ಸುಮ್ಮನೆ ಬಿಡುತ್ತಾರೆಯೇ? ಇಲ್ಲಿಯೂ ನಾಯಿ ಸಾಕುತ್ತೇನೆ ಅಂದದ್ದಕ್ಕೆ ಚಹಾದಂಗಡಿಯಲ್ಲಿ ಮೊದಲ ದಿನವೇ ಒಬ್ಬ ಕೇಳಿದ.

"ಏನ್ ಅಳಿಯಂದ್ರ, ಹೆಂಡ್ರನ್ನ ಕಾಯಾಕ ನಾಯಿ ಬೇಕಾತೇನು?"

"ಹೆಂಡ್ರನ್ನ ಕಾಯಾಕ ಅಲ್ರಿ. ನಿಮ್ಮೂರ ಮಂದಿ ನೋಡಿದ ಮ್ಯಾಲ ನನ್ನ ಕಾಯಾಕ ಬೇಕಾಗೇತಿ."

ಅಂದಿನಿಂದ ಅವರು ನಮ್ಮವರಾದರು. ನಾನು ಅವರ ಹೆಂಡತಿಗೆ ವರಸೆಯಲ್ಲಿ ಅತ್ತೆಯಾಗಬೇಕು, ಹಾಗಾಗಿ ಅವರೂ ನನ್ನನ್ನು ಅತ್ತಿಯಾರ ಎಂದೇ ಕರೆದರು.

ರವದಿ ಸಿಕ್ಕಿದ್ದು ಕಬ್ಬು ಕಡಿಯುವ ಕಾಲದಲ್ಲಿ. ಕಡಿದ ಮೇಲೆ ಹೊಲದಲ್ಲಿ ಉಳಿದ ಒಣಗರಿಗೆ ನಾವು ರವದಿ ಅನ್ನುತ್ತೇವೆ, ಅದಕ್ಕೆ ಬೆಂಕಿ ಇಡುತ್ತಾರೆ. ಹಾಗೆ ಇಟ್ಟ ಬೆಂಕಿಯೊಳಗಿಂದ ಕುಂಯ್‌ಗುಡುವ ದನಿ ಬಂತಂತೆ. ಉಳಿದವರು ಇಲಿ ಅಂದರು. ಮಾಸ್ತರರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ಒಳಗೆ ಓಡಿ, ಅದೇ ಟೊಪ್ಪಿಗೆಯಲ್ಲಿ ಒಂದು ಹೆಣ್ಣುಮರಿ ಹೊತ್ತು ತಂದರು. ಮರಿಯ ಒಂದು ಕಿವಿ ಸುಟ್ಟಿತ್ತು, ಮಾಸ್ತರರ ಹುಬ್ಬೂ ಸುಟ್ಟಿತ್ತು. ಮರಿಗೆ ರವದಿ ಅಂತ ಹೆಸರಿಟ್ಟರು. ಹುಬ್ಬು ಬರಲಿಕ್ಕೆ ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಅವರನ್ನು ಕಂಡಾಗೆಲ್ಲ ನನಗೆ ನಗು ತಡೆಯುತ್ತಿರಲಿಲ್ಲ.

"ಈ ಬೀದಿ ನಾಯಿಗೆ ಏನ್ ಕಲಸ್ತೀರಿ ಬಿಡ್ರಿ" ಎಂದವರೇ ಬಹಳ. ಮಾಸ್ತರರು ಅದಕ್ಕೆ ಕಲಿಸಿದ್ದು ಒಂದೇ ವಿದ್ಯೆ, ಕಲ್ಲುಮಣ್ಣಿನ ಕೆಳಗೆ ಜೀವಂತ ಮನುಷ್ಯ ಎಲ್ಲಿದ್ದಾನೆ ಎಂದು ಮೂಗಿನಿಂದ ಹುಡುಕಿ ಬೊಗಳುವುದು. ಮೊದಮೊದಲು ಮಿಲಿಟರಿಯ ರೂಢಿಯಂತೆ ಹಿಂದಿಯಲ್ಲಿ ಹುಕುಂ ಕೊಡುತ್ತಿದ್ದರು. ರವದಿ ಕೂತು ಮೈ ಕೆರೆದುಕೊಳ್ಳುತ್ತಿತ್ತು. ಒಂದು ದಿನ ಸಿಟ್ಟು ಬಂದು "ಹುಡುಕ ಬೇ, ಹುಡುಕ!" ಎಂದು ಒದರಿದರು. ಬಾಣದಂತೆ ಓಡಿತು.

"ನೋಡ್ರಿ ಅತ್ತಿಯಾರ, ಇದಕ್ಕ ನಮ್ಮ ಭಾಷಾದಾಗ ಬೈದ್ರಷ್ಟ ತಿಳೀತೈತಿ" ಎಂದು ನಕ್ಕರು.

ಕಲಿಸಬೇಕಾದರೆ ಬಚ್ಚಿಟ್ಟುಕೊಳ್ಳುವವರು ಬೇಕು. ಬಿದ್ದ ಗೋದಾಮಿನ ಕಲ್ಲುರಾಶಿಯೊಳಗೆ ಅವರು ದೊಡ್ಡ ಸಿಮೆಂಟ್ ಪೈಪುಗಳನ್ನು ಹೂಳಿಸಿದ್ದರು. ಅದರಲ್ಲಿ ತೂರಿ ಮಲಗಬೇಕು, ಮೇಲೆ ಹಲಗೆ ಮುಚ್ಚಿ ಕಲ್ಲು ಹೇರುತ್ತಾರೆ. ಯಾರು ಮಲಗುತ್ತಾರೆ? ಒಂದು ದಿನ ನನ್ನ ಹತ್ತಿರ ಬಂದರು.

"ಅತ್ತಿಯಾರ, ನಿಮಗ ಮಲಗಾಕ ಬರತೈತೇನ್ರಿ?"

"ಇಷ್ಟ ವರ್ಸ ಮತ್ತೇನ್ ಮಾಡೇನ್ರೀ? ಚಲೋ ಬರತೈತಿ."

"ಹಂಗಾದ್ರ ನಮ್ಮಲ್ಲಿ ನೌಕರಿ ಐತಿ ಬರ್ರಿ."

ಹಾಗೆ ನಾನು ನೌಕರಿ ಹಿಡಿದೆ. ನನ್ನ ಸೆರಗು ಹಿಡಿದು ಶ್ರಾವಣಿಯೂ ಬಂದಳು. ನಮ್ಮನ್ನು ಇಳಿಸುವ ಮೊದಲು ಪ್ರತಿ ಪೈಪಿನಲ್ಲಿ ಮಾಸ್ತರರು ತಾವೇ ಒಮ್ಮೆ ಮಲಗಿ ಎದ್ದು ಬರುತ್ತಿದ್ದರು. ಎದ್ದಾಗ ಅವರ ಅಂಗಿ ಬೆವರಿಗೆ ಮೈಗೆ ಅಂಟಿರುತ್ತಿತ್ತು. ಮನೆಯಲ್ಲಿ ಅವರು ಯಾವ ಬಾಗಿಲನ್ನೂ ಪೂರ್ತಿ ಹಾಕುತ್ತಿರಲಿಲ್ಲ. ಪಾಯಖಾನೆಯ ಬಾಗಿಲನ್ನು ಸಹ ಅರ್ಧ ತೆರೆದಿಟ್ಟು ಒಳಗಿನಿಂದ ಹಾಡುತ್ತಿದ್ದರಂತೆ, ಯಾರೂ ಬರಬಾರದೆಂದು. ಯಾಕೆಂದು ಕೇಳಿದ್ದಕ್ಕೆ ಒಂದೇ ಸಲ ಹೇಳಿದರು. ನೌಕರಿಯಲ್ಲಿದ್ದಾಗ ಬರ್ಫಿನ ಗುಡ್ಡ ಜಾರಿ ಮೈಮೇಲೆ ಬಿದ್ದು ಒಳಗೆ ಉಳಿದಿದ್ದರಂತೆ, ಒಂದು ನಾಯಿ ಕೆದರಿ ತೆಗೆಯಿತಂತೆ. "ಒಳಗಿದ್ದಾಗ ತಾಸು, ಮಿನಿಟು ಏನೂ ಇರೂದಿಲ್ರಿ ಅತ್ತಿಯಾರ" ಎಂದು ಮಾತು ಮುಗಿಸಿ, ನಾಯಿಯ ಗಂಟಲ ಕೆಳಗೆ ಕೆರೆಯುತ್ತ ಕೂತರು. ನಾಯಿಯ ತಲೆ ಅವರು ಎಂದೂ ಸವರಿದವರಲ್ಲ, ಯಾವಾಗಲೂ ಗಂಟಲ ಕೆಳಗೆ.

ಅವರ ಕಾಯ್ದೆ ಒಂದೇ: "ಉಸಿರ ಬಿಡ್ರಿ, ದನಿ ಬಿಡಬ್ಯಾಡ್ರಿ." ದನಿ ಬಿಟ್ಟರೆ ನಾಯಿ ಕಿವಿಯಿಂದ ಹುಡುಕುತ್ತದೆ, ಮೂಗು ಬೆಳೆಯುವುದಿಲ್ಲ. ಯಾರು ಕರೆದರೂ ಓ ಅನ್ನಬಾರದು. ನಾಯಿ ನೆತ್ತಿಯ ಮೇಲೆ ನಿಂತು ಬೊಗಳಿದ ಮೇಲಷ್ಟೇ ನಗಬೇಕು, ಕೂಗಬೇಕು, ಸೆರಗಿನ ರೊಟ್ಟಿಚೂರು ಅದಕ್ಕೆ ಕೊಟ್ಟು ಕುಣಿದಾಡಬೇಕು. ನಮ್ಮನ್ನು ಪರೀಕ್ಷೆ ಮಾಡಲಿಕ್ಕೆ ಅವರೇ ಮೇಲಿನಿಂದ ಕರೆಯುತ್ತಿದ್ದರು. "ಶ್ರಾವಣೀ, ನಿಮ್ಮವ್ವ ಬಂದಾಳ ಬಾರವ್ವಾ!" ಒಂದು ಸಲ ಅವಳು ಓ ಅಂದುಬಿಟ್ಟಳು. ಒಂದು ವಾರ ಅವಳನ್ನು ಬದುವಿನ ಮೇಲೆ ಕೂಡಿಸಿ ಆಟಕ್ಕೆ ಸೇರಿಸಲಿಲ್ಲ. ಹುಡುಗಿ ಅತ್ತು ಊಟ ಬಿಟ್ಟಳು, ಮತ್ತೆಂದೂ ತಪ್ಪಲಿಲ್ಲ.

ನಾನಂತೂ ಒಮ್ಮೆಯೂ ತಪ್ಪಿದವಳಲ್ಲ. "ಅತ್ತಿಯಾರ, ನಿಮ್ಮ ಎಮ್ಮಿ ಹಗ್ಗಾ ಹರಕೊಂಡ ಮಂದಿ ಕಬ್ಬಿನ್ಯಾಗ ಹೊಕ್ಕೈತ್ರಿ!" ಎಂದು ಅವರು ಒದರುತ್ತಿದ್ದರೆ ನನ್ನ ಜೀವ ಎಮ್ಮೆಯ ಹಿಂದೆ ಓಡುತ್ತಿತ್ತು, ಬಾಯಿ ಮಾತ್ರ ಬಿಗಿಯಾಗಿರುತ್ತಿತ್ತು. ಶ್ರಾವಣಿ ಜೊತೆಗಿದ್ದರೆ ಅವಳ ಬಾಯಿಯ ಮೇಲೆ ನನ್ನ ಅಂಗೈ ಇರುತ್ತಿತ್ತು. ಮಾಸ್ತರರು ಎಲ್ಲರೆದುರು "ನಮ್ಮ ಅತ್ತಿಯಾರಂಥವರು ಮಿಲಿಟರಿಯೊಳಗೂ ಸಿಗಂಗಿಲ್ಲ" ಅನ್ನುತ್ತಿದ್ದರು. ಜೀವನದಲ್ಲಿ ನನ್ನನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಉಬ್ಬಿಬಿಟ್ಟಿದ್ದೆ.

ರವದಿ ಹೆಸರು ಮಾಡಿತು. ರಾಯಬಾಗದ ಕಡೆ ಬಾವಿಯ ಕಟ್ಟಡ ಕುಸಿದಾಗ ಕಲ್ಲು ಕಟ್ಟುತ್ತಿದ್ದ ಒಬ್ಬ ಗೌಂಡಿಯನ್ನು ಜೀವಂತ ಹುಡುಕಿ ಕೊಟ್ಟಿತು. ಅವನ ಹೆಂಡತಿ ಬಂದು ನಾಯಿಗೆ ಕುಂಕುಮ ಹಚ್ಚಿದಳು, ನಾಯಿ ಅದನ್ನು ನೆಕ್ಕಿಬಿಟ್ಟಿತು. ಆಮೇಲೆ ಮಹಾರಾಷ್ಟ್ರದ ಘಾಟಿನಲ್ಲಿ ಗುಡ್ಡ ಜಾರಿತೆಂದು ಕರೆ ಬಂತು. ನಾಲ್ಕು ದಿನ ಹುಡುಕಿದರು, ಜೀವಂತ ಒಬ್ಬರೂ ಸಿಗಲಿಲ್ಲ. ವಾಪಸು ಬಂದ ನಾಯಿ ಅನ್ನ ಮುಟ್ಟಲಿಲ್ಲ, ಗೋಡೆಗೆ ಮುಖ ಮಾಡಿ ಮಲಗಿತು. ಮಾಸ್ತರರು ಮನೆಗೂ ಹೋಗದೆ ನೇರ ನನ್ನ ಬಾಗಿಲಿಗೆ ಬಂದರು. ಬೂಟಿನ ತುಂಬ ಕೆಸರು, ಗಡ್ಡ ಬೆಳೆದಿತ್ತು.

"ಅತ್ತಿಯಾರ, ಒಂದ ಸಲ ಮಲಗ್ರಿ. ಅದಕ್ಕೊಂದ ಜೀವಂತ ಮನಶ್ಯಾ ಸಿಗಬೇಕಾಗೇತಿ."

ಹಿಟ್ಟು ನಾದುತ್ತಿದ್ದವಳು ಹಾಗೇ ಎದ್ದು ಹೋಗಿ ಕಲ್ಲಿನಡಿ ಮಲಗಿದೆ. ರವದಿ ಬಂತು, ಬೊಗಳಿತು. ಹಲಗೆ ತೆಗೆದ ಕೂಡಲೆ ನನ್ನ ಮುಖವನ್ನೆಲ್ಲ ನೆಕ್ಕಿತು. ಹಿಟ್ಟಿನ ಕೈಯನ್ನೂ ಬಿಡಲಿಲ್ಲ. ಮಾಸ್ತರರು ಆಚೆ ಮುಖ ತಿರುಗಿಸಿ ನಿಂತಿದ್ದರು. ನಾಯಿಗಿಂತ ಅವರಿಗೇ ನನ್ನ ಅವಶ್ಯಕತೆ ಹೆಚ್ಚಿತ್ತು ಎಂದು ನನಗೆ ಅನಿಸಿತು.

ಎರಡು ವರ್ಷದ ಹಿಂದೆ ಹೊಳೆ ಬಂತು. ನಾವೆಲ್ಲ ಎತ್ತರದ ಶಾಲೆಯಲ್ಲಿ ಇದ್ದೆವು. ನೀರು ಇಳಿಯತೊಡಗಿದಾಗ ಮಾಸ್ತರರು ಪ್ರತಿಯೊಬ್ಬರಿಗೂ ಹೇಳಿದರು, "ನೀರ ನಿಂತಾಗ ಗ್ವಾಡಿ ಬೀಳಂಗಿಲ್ಲ, ನೀರ ಇಳದ ಮ್ಯಾಲ ಬೀಳತಾವ. ಯಾರೂ ಮನಿ ಹೊಗಬ್ಯಾಡ್ರಿ." ಕೇಳಿಸಿಕೊಂಡೆ. ಆದರೆ ಶ್ರಾವಣಿಯ ಪಾಟಿಚೀಲ ಅಟ್ಟದ ಮೇಲೆ ಉಳಿದಿತ್ತು, ಹುಡುಗಿ ಬೆಳಗಿನಿಂದ ಅದೇ ರಾಗ ಎಳೆಯುತ್ತಿದ್ದಳು. ಒಂದು ಗಳಿಗೆಯ ಕೆಲಸವೆಂದು ಯಾರಿಗೂ ಹೇಳದೆ ಅವಳ ಕೈ ಹಿಡಿದು ಹೋದೆ. ಚೀಲ ಕೈಗೆ ಬಂತು. ಹೊರಡಬೇಕು ಅನ್ನುವಷ್ಟರಲ್ಲಿ ಹಿಂದಿನ ಮಣ್ಣಿನ ಗೋಡೆ ಒಂದು ಸಲ ಉಸಿರು ಬಿಟ್ಟಂತಾಯಿತು. ಅಷ್ಟೇ ಗೊತ್ತು.

ಕಣ್ಣು ತೆರೆದೆನೋ ಇಲ್ಲವೋ, ಎರಡೂ ಒಂದೇ ಕತ್ತಲು. ಎದೆಯ ಮೇಲೆ ತೊಲೆ ಕೂತಿತ್ತು. ಅರ್ಧ ಉಸಿರು ಒಳಗೆ ಹೋಗುತ್ತಿತ್ತು, ಉಳಿದರ್ಧಕ್ಕೆ ಜಾಗವೇ ಇರಲಿಲ್ಲ. ಬಾಯಿತುಂಬ ಹಸಿ ಮಣ್ಣು. ಬಲಗೈಯೊಂದೇ ಆಡುತ್ತಿತ್ತು, ಆ ಕೈಗೆ ಶ್ರಾವಣಿಯ ಕೆನ್ನೆ ಸಿಕ್ಕಿತು. ಬಿಸಿಯಾಗಿತ್ತು. ಅವಳ ಕಾಲು ಎಲ್ಲೋ ಸಿಕ್ಕಿಕೊಂಡಿತ್ತು. ತಲೆಗೆ ಪೆಟ್ಟು ಬಿದ್ದದ್ದರಿಂದಲೋ ಏನೋ, ನಾನು ಎಲ್ಲಿದ್ದೇನೆ ಎನ್ನುವುದೇ ತಿಳಿಯದಾಯಿತು. ಮನೆಯೋ, ಮಾಸ್ತರರ ಪೈಪೋ. ಎಷ್ಟು ಹೊತ್ತು ಹಾಗಿದ್ದೆವೋ ದೇವರಿಗೆ ಗೊತ್ತು.

ಆಗ ಮೇಲಿನಿಂದ ದನಿ ಬಂತು. ಮಾಸ್ತರರದೇ ದನಿ. "ಅತ್ತಿಯಾರಽ! ಶ್ರಾವಣೀ!"

ಶ್ರಾವಣಿ ಬಾಯಿ ತೆರೆದಳು. ಆ ತುಟಿ ತೆರೆದದ್ದು ನನ್ನ ಅಂಗೈಗೆ ತಿಳಿಯಿತು. ನಾನು ಗಪ್ಪನೆ ಅವಳ ಬಾಯಿ ಮುಚ್ಚಿದೆ.

ಯೋಚಿಸಿ ಮಾಡಿದ್ದಲ್ಲ. ಕೈಗೆ ರೂಢಿಯಿತ್ತು, ಕೈ ಮಾಡಿತು. ಮೇಲೆ ಹೆಜ್ಜೆಗಳು ದೂರ ಸರಿದ ಮೇಲೆ ನನಗೆ ಎಚ್ಚರ ಬಂತು. ಇದು ಪೈಪಲ್ಲ. ಇದು ನಮ್ಮ ಮನೆ. ಕೈ ತೆಗೆದು "ಒದರ" ಅನ್ನಲು ನೋಡಿದೆ. ಎದೆ ಒತ್ತಿತ್ತು, ಮಣ್ಣು ತುಂಬಿತ್ತು, ಸುಂಯ್ ಎಂದು ಗಾಳಿಯಷ್ಟೇ ಹೊರಟಿತು. ನನ್ನ ಮಗ ಕರೆಯುವುದು ಕೇಳಿಸಿತು, "ಅವ್ವಾ! ಎವ್ವಾ!" ಎಂದು. ನಾನು ಹುಡುಗಿಯ ಕೆನ್ನೆ ಚಿವುಟಿದೆ, ಕಿವಿ ಹಿಂಡಿದೆ. ಅವಳು ನನ್ನ ಬೆರಳು ಹಿಡಿದು ಪಿಸುಗುಟ್ಟಿದಳು.

"ಆಯಿ, ಸುಮ್ಕಿರ. ಸರ್ ಪರೀಕ್ಷಾ ಮಾಡಾಕತ್ತಾರ. ಅಪ್ಪಗೂ ಕಲಿಸ್ಯಾರ."

ಏಳು ವರ್ಷದ ಕೂಸು. ನಾನು ಮುಚ್ಚಿದ ಬಾಯಿ ಅದು, ಇನ್ನು ನಾನು ಚಿವುಟಿದರೂ ತೆರೆಯಲೊಲ್ಲದು. ಆಮೇಲೆ ಜೆಸಿಬಿಯ ಸದ್ದು ಬಂತು. ಪಕ್ಕದ ಮನೆಯ ಗೋಡೆ ವಾಲಿದೆ, ಕೆಡವಿಬಿಡಿ ಎಂದು ಯಾರೋ ಹೇಳುತ್ತಿದ್ದರು. ಆ ಗೋಡೆ ಬಿದ್ದರೆ ನಮ್ಮ ಮೇಲೇ. ಮಣ್ಣು ನಡುಗಿ ಸಣ್ಣಗೆ ಕಣ್ಣಿನೊಳಗೆ ಉದುರತೊಡಗಿತು. ಈಗ ಅವಳು ಕೂಗಿದರೂ ಯಾರಿಗೂ ಕೇಳಿಸದಷ್ಟು ಸದ್ದು. ನಾನು ದೇವರನ್ನು ನೆನೆಯಲಿಲ್ಲ, ಸುಳ್ಳು ಯಾಕೆ ಹೇಳಲಿ. ನನ್ನ ಕೈಯನ್ನು ಬೈಯುತ್ತ ಮಲಗಿದ್ದೆ.

ಮೇಲೆ ನಡೆದದ್ದನ್ನು ಮಗ ಆಮೇಲೆ ಹೇಳಿದ. ಶಾಲೆಯಲ್ಲಿ ನಾವಿಬ್ಬರೂ ಕಾಣದ್ದಕ್ಕೆ ಹುಡುಕುತ್ತ ಬಂದವರು, ದನಿ ಬರಲಿಲ್ಲವೆಂದು ಎಲ್ಲರೂ ಆಚೆ ಓಣಿಗೆ ಹೊರಟಿದ್ದರಂತೆ. ಮಾಸ್ತರರೂ ಹೊರಟವರು ನಡುದಾರಿಯಲ್ಲಿ ನಿಂತರಂತೆ. ನಿಂತವರು ತಿರುಗಿ ಓಡಿ ಬಂದು ಜೆಸಿಬಿಯ ಮುಂದೆ ಕೈ ಅಗಲಿಸಿ ನಿಂತರಂತೆ. "ಬಂದ ಮಾಡ್ರಿ! ಒಳಗಿದ್ರೂ ಅವರು ಓ ಅನ್ನಂಗಿಲ್ಲ. ನಾನ ಕಲಿಸೇನಿ. ನಾನ ಆ ಹುಡುಗಿ ಬಾಯಿ ಕಟ್ಟೇನಿ!" ಎಂದು ಊರೆಲ್ಲರ ಎದುರು ಅತ್ತರಂತೆ. ಹಿಂದಿನ ದಿನ ಬೇರೆ ಊರಲ್ಲಿ ಗಾಜು ತುಳಿದು ಪಾದ ಸೀಳಿದ್ದ ರವದಿಯನ್ನು ಶಾಲೆಯಲ್ಲಿ ಕಟ್ಟಿಹಾಕಿದ್ದರು. ಅದನ್ನು ಹೆಗಲ ಮೇಲೆ ಹೊತ್ತು ತಂದು ಮಣ್ಣಿನ ಮೇಲೆ ಬಿಟ್ಟರು.

ಒಳಗೆ ನನಗೆ ಕೇಳಿಸಿದ್ದು ಇಷ್ಟು. ಸದ್ದು ನಿಂತಿತು. ಆಮೇಲೆ ಕೆರೆಯುವ ಸಪ್ಪಳ. ಆಮೇಲೆ ನೆತ್ತಿಯ ಮೇಲೆ, ನೇರ ನೆತ್ತಿಯ ಮೇಲೆ, ಬೊಗಳು. ಅಯ್ಯೋ, ಅಂಥ ಬೊಗಳು ನನ್ನ ಜನ್ಮದಲ್ಲಿ ಕೇಳಿಲ್ಲ! ಶ್ರಾವಣಿ ಕೂಡಲೆ ಗಂಟಲು ಹರಿಯುವಂತೆ ಕೂಗಿದಳು, "ಸಿಕ್ಕೆ! ರವದೀ, ಸಿಕ್ಕೆ ನಾ!" ಮಣ್ಣು ಸರಿಸಿ ಅವಳ ತಲೆ ಹೊರಗೆ ತೆಗೆದಾಗ ಅವಳು ಅಳುತ್ತಿದ್ದಳು. ಕಾಲು ನೋವೆಂದಲ್ಲ. "ಸರ್, ರವದಿಗೆ ಕೊಡಾಕ ರೊಟ್ಟಿ ಇಲ್ರಿ" ಎಂದು.

ನನ್ನ ಎರಡು ಪಕ್ಕೆಲುಬು ಮುರಿದಿದ್ದವು, ಅವಳ ಕಾಲಿನ ಗಿಣ್ಣು ಸೀಳಿತ್ತು. ಚಿಕ್ಕೋಡಿ ದವಾಖಾನೆಯಲ್ಲಿ ಪಕ್ಕಪಕ್ಕದ ಕಾಟಿನಲ್ಲಿದ್ದೆವು. ಅಲ್ಲಿಗೆ ಮಾಸ್ತರರು ಬಂದಾಗ ನನ್ನ ಸೊಸೆ ಬಾಗಿಲಲ್ಲಿ ನಿಂತಳು. "ನನ್ನ ಮಗಳ ಬಾಯಿ ಹೊಲಿದವರು ನೀವು. ನೋಡಿ ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಇನ್ನ ನಮ್ಮ ಹೊಸ್ತಿಲಾ ತುಳೀಬ್ಯಾಡ್ರಿ." ಅವರು ತಲೆ ಬಗ್ಗಿಸಿ ಹೂಂ ಅಂದರು. ನಾನು ಕಾಟಿನ ಮೇಲೆ ಮಲಗಿ ಕೇಳುತ್ತಿದ್ದೆ. "ಅವರಲ್ಲ, ನಾನು" ಅನ್ನುವ ಮಾತು ನಾಲಿಗೆಯವರೆಗೆ ಬಂದು ನಿಂತಿತು. ಹೇಳಿದರೆ ಸೊಸೆ ಇನ್ನೆಂದೂ ಕೂಸನ್ನು ನನ್ನ ಕೈಗೆ ಕೊಡಲಾರಳು. ಆ ಹೆದರಿಕೆ ತೊಲೆಗಿಂತ ಭಾರವಾಗಿ ಕೂತಿತು.

ಎರಡು ವರ್ಷ ಅದರಡಿಯಲ್ಲೇ ಇದ್ದೆ. ಹೊಸ ಮನೆಯಾಯಿತು, ಹುಡುಗಿ ಓಡಾಡಿದಳು, ನಾನು ಎಷ್ಟು ಹಿಗ್ಗಿದರೂ ಆ ಕೈ ನೆನಪಾಗುತ್ತಿತ್ತು. ಮಾಸ್ತರರು ಮಕ್ಕಳನ್ನು ಕಲ್ಲಿನಡಿ ಇಳಿಸುವುದನ್ನು ಅಂದೇ ಬಿಟ್ಟರು. ರವದಿ ಬೇರೆ ಊರುಗಳಿಗೆ ಹೋಗಿ ಬರುತ್ತಿತ್ತು, ಬಂದ ಮೇಲೆ ಅದನ್ನು ಶ್ರಾವಣಿಗೆ ತೋರಿಸಲು ಅವರು ತರುತ್ತಿದ್ದರು. ಬಿಸಿಲಿರಲಿ ಮಳೆಯಿರಲಿ, ರಸ್ತೆಯಲ್ಲೇ ನಿಲ್ಲುತ್ತಿದ್ದರು. ಸೊಸೆ ನಾಯಿಗೆ ರೊಟ್ಟಿ ಹಾಕುತ್ತಿದ್ದಳು, ಅವರ ಮುಖ ನೋಡುತ್ತಿರಲಿಲ್ಲ.

ಎಂಟು ದಿನದ ಹಿಂದೆ ಅವರ ಸಾಮಾನು ತುಂಬಿದ ಟೆಂಪೋ ನಮ್ಮ ಮನೆಯ ಮುಂದೆ ನಿಂತಿತು. ತಮ್ಮೂರು ಐಗಳಿಗೆ ಹೊರಟಿದ್ದರು, ಅಲ್ಲಿ ಹೊಸ ಮರಿಗಳಿಗೆ ಕಲಿಸುವುದಿತ್ತು. ಕಲ್ಲುಮಣ್ಣು ಹತ್ತಿ ಇಳಿದು ರವದಿಯ ಹಿಂಗಾಲಿನ ಬಲ ಹೋಗಿದೆ, ಅದರ ಕೆಲಸ ಮುಗಿಯಿತು. ರಸ್ತೆಯಲ್ಲೇ ನಿಂತು ಹಗ್ಗವನ್ನು ಶ್ರಾವಣಿಯ ಕೈಗೆ ಕೊಟ್ಟು, ಕೆಳಗೆ ಕೂತು ನಾಯಿಯ ಗಂಟಲು ಕೆರೆದರು. ಇನ್ನು ಇವರು ಸಿಗುವುದಿಲ್ಲ ಎಂದು ನನಗೆ ಹೊಳೆಯಿತು. ಹತ್ತಿರ ಹೋದೆ.

"ಮಾಸ್ತರ, ಅವತ್ತ ಹುಡುಗಿ ಬಾಯಿ ತಗದಿದ್ಲು. ನಿಮಗ ಓ ಅನ್ನಾಕ. ಮುಚ್ಚಿದಾಕಿ ನಾನು. ಈ ಕೈಲೆ."

ಅವರು ತಲೆ ಎತ್ತಲಿಲ್ಲ. "ಗೊತ್ತೈತ್ರಿ."

"ಯಾವಾಗಿಂದ?"

"ದವಾಖಾನ್ಯಾಗ ಹುಡುಗಿ ನನ್ನ ಕಿವ್ಯಾಗ ಹೇಳಿದ್ಲು."

"ಮತ್ತ ಎರಡ ವರ್ಸ ಬೈಸಿಕೊಂತ ಯಾಕ ನಿಂತ್ರಿ?"

"ಆ ಕೈಗೆ ಕಲಿಸಿದವ ನಾನ ಅಲ್ಲೇನ್ರಿ? ಮತ್ತ ನಾ ಬೈಸಿಕೊಂಡ್ರ ನಮ್ಮ ಮನಿಗೆ ಹೋಗ್ತೇನಿ ಅತ್ತಿಯಾರ. ನೀವು ಬೈಸಿಕೊಂಡ್ರ ಎಲ್ಲಿ ಹೋಗ್ತೀರಿ? ಅದ ಮನ್ಯಾಗ ಇರಬೇಕಲ್ಲ."

ಶ್ರಾವಣಿ ನನ್ನ ಸೆರಗು ಜಗ್ಗಿದಳು. "ನಾನೂ ಅವ್ವನ ಮುಂದ ಹೇಳಿಲ್ಲ ಆಯಿ. ಸರ್ ಬ್ಯಾಡ ಅಂದಿದ್ರು."

ಇಷ್ಟು ಸಣ್ಣ ಎದೆಯಲ್ಲಿ ನನ್ನನ್ನು ಎರಡು ವರ್ಷ ಬಚ್ಚಿಟ್ಟಿದ್ದಳು! ಅಳು ಬಂತೋ ನಗು ಬಂತೋ ತಿಳಿಯದು. ಅಲ್ಲಿಂದಲೇ ಸೊಸೆಯನ್ನು ಕೂಗಿ ಕರೆದೆ. ಒಲೆಯ ಮುಂದಿನಿಂದ ಎದ್ದು ಸೆರಗಿಗೆ ಕೈ ಒರೆಸುತ್ತ ಬಂದಳು. ಟೆಂಪೋದವನ ಎದುರು, ಬೀದಿಯವರ ಎದುರು, ಎಲ್ಲ ಹೇಳಿದೆ. ಅವಳು ನನ್ನ ಕೈಯನ್ನೇ ನೋಡಿದಳು. ನನಗೆ ಒಂದು ಮಾತೂ ಆಡದೆ ಮಾಸ್ತರರ ಕಡೆ ತಿರುಗಿದಳು.

"ಸರ್, ಒಳಗ ಬರ್ರಿ. ಚಹಾ ಇಡ್ತೇನಿ."

"ಟೆಂಪೋ ನಿಂತೈತಿ ತಂಗೀ."

"ನಿಲ್ಲಲಿ. ನೀವು ಎರಡ ವರ್ಸ ನಿಂತೀರಿ, ಅದು ಅರ್ಧಾ ತಾಸ ನಿಂತ್ರ ಏನಾಗತೈತಿ?"

ಮಾಸ್ತರರು ಕಟ್ಟೆಯ ಮೇಲೆ ಕೂತು ಬೂಟಿನ ದಾರಕ್ಕೆ ಕೈ ಹಚ್ಚಿದರು. ಗಂಟು ಬಿಚ್ಚಲೊಲ್ಲದು. ಟೆಂಪೋದವನು ಒಮ್ಮೆ ಹಾರ್ನ್ ಹೊಡೆದ, ಇನ್ನೊಮ್ಮೆ ಹೊಡೆದ. ಆಮೇಲೆ ಅವನೂ ಇಂಜಿನ್ ಬಂದ್ ಮಾಡಿದ.